ಪಾಸ್‌ವರ್ಡ್ ಇಲ್ಲದ ಲಾಗಿನ್ ಇತ್ತು, ಆದರೂ ಕಳ್ಳ ಒಳಗೆ ಬಂದ

ದಾವಣಗೆರೆ ಎಪಿಎಂಸಿ ಹತ್ತಿರದ ಒಂದು ಮೆಕ್ಕೆಜೋಳದ ವ್ಯಾಪಾರದ ಆಫೀಸಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮೇಲ್, ಬಿಲ್ಲು, ಕ್ಲೌಡ್‌ನಲ್ಲಿರುವ ಫೈಲುಗಳು ಎಲ್ಲ ನನ್ನ ಜವಾಬ್ದಾರಿ. ಕಳೆದ ಸುಗ್ಗಿಯಲ್ಲಿ ನಮ್ಮ ಮೇಲ್ ಖಾತೆಗೆ ಕಳ್ಳ ನುಗ್ಗಿದ. ನಮಗೆ ಬರಬೇಕಿದ್ದ 4,80,000 ರೂಪಾಯಿ ಅವನ ಕೈ ಸೇರಿತು. ನಮ್ಮಂಥ ಆಫೀಸುಗಳು ಈ ಊರಲ್ಲಿ ಎಷ್ಟೋ ಇವೆ. ಅವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಪಾಸ್‌ವರ್ಡ್ ಕಳುವಾಗಲಿಲ್ಲ. ನಾವು ಪಾಸ್‌ವರ್ಡ್ ಹೊಡೆಯುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ನಮ್ಮದು ಮೈಕ್ರೋಸಾಫ್ಟ್ 365 ಖಾತೆ. ಫೋನಿನಲ್ಲಿ ಅಥೆಂಟಿಕೇಟರ್ ಆ್ಯಪ್ ಹಾಕಿದ್ದೆ. ಲಾಗಿನ್ ಆಗುವಾಗ ಕಂಪ್ಯೂಟರಿನಲ್ಲಿ ಎರಡಂಕಿಯ ಒಂದು ಸಂಖ್ಯೆ ಕಾಣುತ್ತದೆ. ಅದನ್ನು ಫೋನಿನಲ್ಲಿ ಒತ್ತಿ ಬೆರಳಚ್ಚು ಕೊಟ್ಟರೆ ಬಾಗಿಲು ತೆರೆಯುತ್ತದೆ. ಪಾಸ್‌ವರ್ಡೇ ಇಲ್ಲ, ಇನ್ನು ಕದಿಯುವುದೇನನ್ನು ಅಂತ ನಾನು ನೆಮ್ಮದಿಯಾಗಿದ್ದೆ.

ನವೆಂಬರ್‌ನಲ್ಲಿ ಒಂದು ದಿನ, ಆವಕ ಜಾಸ್ತಿ ಇದ್ದ ಹೊತ್ತು. ಹೊರಗೆ ಲಾರಿಗಳ ಸಾಲು, ಒಳಗೆ ತೂಕದ ಚೀಟಿಗಳ ರಾಶಿ. ನಮಗೆ ಗೊತ್ತಿರುವ ಒಬ್ಬ ವ್ಯಾಪಾರಿಯ ಮೇಲ್ ಬಂತು. ‘ದರದ ಪಟ್ಟಿ ಹಂಚಿಕೊಂಡಿದ್ದೇನೆ, ನೋಡಿ’ ಅಂತ ಲಿಂಕ್. ಅವರ ಖಾತೆಯಿಂದಲೇ ಬಂದಿತ್ತು, ಹಾಗಾಗಿ ಅನುಮಾನ ಬರಲಿಲ್ಲ. ಅವರ ಖಾತೆಯೂ ಕಳ್ಳನ ಕೈಯಲ್ಲಿತ್ತು ಅಂತ ತಿಳಿದದ್ದು ಆಮೇಲೆ. ಲಿಂಕ್ ಒತ್ತಿದೆ. ದಿನಾ ನೋಡುವ ಲಾಗಿನ್ ಪುಟವೇ ಬಂತು. ಮೇಲ್ ಐಡಿ ಹಾಕಿದೆ. ಪರದೆಯಲ್ಲಿ ಸಂಖ್ಯೆ ಕಾಣಿಸಿತು, ಫೋನ್ ಸದ್ದು ಮಾಡಿತು, ಸಂಖ್ಯೆ ಒತ್ತಿದೆ. ಖಾಲಿ ಹಾಳೆಯೊಂದು ತೆರೆದುಕೊಂಡಿತು. ಫೈಲ್ ಸರಿಯಿಲ್ಲ ಅಂದುಕೊಂಡು ಮುಚ್ಚಿ ಕೆಲಸಕ್ಕೆ ಮರಳಿದೆ.

ಹದಿನೈದು ದಿನ ಏನೂ ಇಲ್ಲ. ಆಮೇಲೆ ನಾಮಕ್ಕಲ್‌ನಿಂದ ಕೋಳಿ ಆಹಾರದ ಪಾರ್ಟಿಯವರು ಫೋನ್ ಮಾಡಿದರು. ನೀವು ಕೊಟ್ಟ ಹೊಸ ಅಕೌಂಟಿಗೆ ಹಣ ಹಾಕಿ ಮೂರು ದಿನವಾಯಿತು, ಮುಂದಿನ ಲೋಡು ಯಾವಾಗ ಅಂತ ಕೇಳಿದರು. ಪಕ್ಕದಲ್ಲೇ ಕೂತಿದ್ದ ಸಾಹುಕಾರರು ನನ್ನ ಮುಖ ನೋಡಿದರು. “ಏನಮ್ಮಾ ಇದು, ನಮ್ಮ ಅಕೌಂಟ್ ನಂಬರ್ ಬದಲೇ ಆಗಿಲ್ಲವಲ್ಲ?” ಅಂದರು. ನನ್ನ ಕೈಕಾಲು ತಣ್ಣಗಾದವು. ಹೊಸ ನಂಬರಿನ ಮೇಲ್ ಹೋಗಿದ್ದು ನನ್ನ ಖಾತೆಯಿಂದಲೇ. ನಾನು ಬರೆಯುವ ಧಾಟಿಯಲ್ಲೇ, ಹಳೆಯ ಬಿಲ್ಲಿನ ಕೆಳಗೇ ಉತ್ತರದಂತೆ ಕಳ್ಳ ಬರೆದಿದ್ದ.

ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಇಂಥ ಮೋಸದಲ್ಲಿ ಮೊದಲ ಕೆಲವು ಗಂಟೆಗಳೇ ಮುಖ್ಯ. ಹಣ ಇನ್ನೊಂದು ಅಕೌಂಟಿಗೆ ದಾಟುವ ಮೊದಲು ಬ್ಯಾಂಕಿನವರು ತಡೆಹಿಡಿಯಬೇಕು. ನಮಗೆ ಮೂರು ದಿನ ತಡವಾಗಿತ್ತು. ಸುಮಾರು 60,000 ರೂಪಾಯಿಯನ್ನು ಮಾತ್ರ ಬ್ಯಾಂಕಿನವರು ತಡೆಹಿಡಿದರು.

ಸಂಖ್ಯೆ ನಾನೇ ಒತ್ತಿದ್ದೆ, ಬೆರಳಚ್ಚು ನನ್ನದೇ. ಹಾಗಾದರೆ ಅವನು ಒಳಗೆ ಬಂದದ್ದು ಹೇಗೆ? ಇದನ್ನು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ನಾನು ಕಂಡ ಪುಟ ನಡುವೆ ನಿಂತ ದಲ್ಲಾಳಿಯ ಹಾಗೆ. ನಾನು ಅಲ್ಲಿ ಹಾಕಿದ್ದನ್ನು ಅದು ಅದೇ ಕ್ಷಣಕ್ಕೆ ಅಸಲಿ ಪುಟಕ್ಕೆ ಕೊಡುತ್ತಿತ್ತು. ಅಸಲಿ ಪುಟ ತೋರಿಸಿದ ಸಂಖ್ಯೆಯನ್ನು ತಂದು ನನಗೆ ತೋರಿಸುತ್ತಿತ್ತು. ಅಂದರೆ ಸಂಖ್ಯೆ ಅಸಲಿ, ಫೋನಿಗೆ ಬಂದ ಕೋರಿಕೆಯೂ ಅಸಲಿ. ನಾನು ಒಪ್ಪಿದ್ದು ಮಾತ್ರ ಅವನ ಲಾಗಿನ್ನನ್ನು. ಕೊನೆಗೆ ಅಸಲಿ ಪುಟ ಕೊಟ್ಟ, ಮತ್ತೆ ಲಾಗಿನ್ ಕೇಳದೆ ಒಳಗೆ ಬಿಡುವ ಗೇಟ್ ಪಾಸ್ ಅವನ ಜೇಬಿಗೆ ಹೋಯಿತು. ಇದಕ್ಕೆ ಸೆಷನ್ ಅನ್ನುತ್ತಾರೆ.

ಮೊದಲು ಈ ಆ್ಯಪಿನಲ್ಲಿ ಸುಮ್ನೆ ‘ಒಪ್ಪಿಗೆ’ ಒತ್ತಿದರೆ ಸಾಕಿತ್ತು. 2022ರಲ್ಲಿ ಊಬರ್ ಕಂಪನಿಗೆ ನುಗ್ಗಿದವನು ಅಂಥದ್ದೇ ಕೋರಿಕೆಗಳನ್ನು ಮೇಲಿಂದ ಮೇಲೆ ಕಳಿಸಿ, ಕೆಲಸಗಾರ ಸಾಕಾಗಿ ಒಪ್ಪುವ ಹಾಗೆ ಮಾಡಿದ್ದ. ಆ ಕಾಟಕ್ಕೆ ಸಂಖ್ಯೆ ಒಳ್ಳೆಯ ಮದ್ದು. ಮೈಕ್ರೋಸಾಫ್ಟ್ 2023ರಲ್ಲಿ ಅದನ್ನು ಕಡ್ಡಾಯ ಮಾಡಿತು. ಆದರೆ ನಡುವೆ ಕೂತ ನಕಲಿ ಪುಟವನ್ನು ಸಂಖ್ಯೆ ತಡೆಯುವುದಿಲ್ಲ. ಓಟಿಪಿಯೂ ತಡೆಯುವುದಿಲ್ಲ.

ತಡೆಯುವುದು ಪಾಸ್‌ಕೀ. ಅದೂ ಪಾಸ್‌ವರ್ಡ್ ಇಲ್ಲದ ಲಾಗಿನ್ನೇ, ಅದಕ್ಕೂ ಬೆರಳಚ್ಚೇ ಸಾಕು. ಹಾಗಾಗಿ ಎರಡೂ ಒಂದೇ ಅಂತ ನಾನು ತಿಳಿದಿದ್ದೆ. ಅಲ್ಲ. ಪಾಸ್‌ಕೀ ಮಾಡಿಸುವಾಗ ನಿಮ್ಮ ಫೋನಿನಲ್ಲೋ ಯುಎಸ್‌ಬಿ ಕೀಯಲ್ಲೋ ಒಂದು ಗುಟ್ಟಿನ ಕೀ ಹುಟ್ಟುತ್ತದೆ. ಅದರ ಜೋಡಿ ಕೀ ಮಾತ್ರ ಕಂಪನಿಯ ಹತ್ತಿರ ಇರುತ್ತದೆ. ಲಾಗಿನ್ ಆಗುವಾಗ ಗುಟ್ಟಿನ ಕೀ ಹೊರಗೆ ಬರುವುದಿಲ್ಲ, ಸಹಿ ಹಾಕಿ ಕೊಡುತ್ತದೆ ಅಷ್ಟೆ. ಬೆರಳಚ್ಚು ಕೂಡ ನಿಮ್ಮ ಫೋನನ್ನು ಬಿಟ್ಟು ಎಲ್ಲೂ ಹೋಗುವುದಿಲ್ಲ. ಮುಖ್ಯವಾದದ್ದು ಇನ್ನೊಂದು. ಕೀ ಯಾವ ವಿಳಾಸಕ್ಕೆ ಹುಟ್ಟಿತೋ ಆ ವಿಳಾಸಕ್ಕೆ ಮಾತ್ರ ಸಹಿ ಹಾಕುತ್ತದೆ. ಹಟ್ಟಿಯಲ್ಲಿ ನೂರು ಹಸು ಇದ್ದರೂ ಕರು ತನ್ನ ತಾಯಿಯ ಹತ್ತಿರವೇ ಹೋಗುತ್ತದಲ್ವಾ, ಹಾಗೆ. ನಕಲಿ ಪುಟ ನಮ್ಮ ಕಣ್ಣಿಗೆ ಎಷ್ಟೇ ಅಸಲಿಯಂತೆ ಕಂಡರೂ ವಿಳಾಸ ಬೇರೆ, ಕೀ ಕೆಲಸ ಮಾಡುವುದಿಲ್ಲ. 2022ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಭದ್ರತೆಯ ಕಂಪನಿಯ ಮೂವರು ನೌಕರರು ನಕಲಿ ಪುಟದಲ್ಲಿ ಪಾಸ್‌ವರ್ಡ್ ಹೊಡೆದಿದ್ದರು. ಆದರೂ ಕಳ್ಳರಿಗೆ ಒಳಗೆ ಹೋಗಲಾಗಲಿಲ್ಲ. ಅಲ್ಲಿ ಎಲ್ಲರಿಗೂ ಇಂಥ ಕೀ ಕೊಟ್ಟಿದ್ದರು.

ನಾವು ಪಾಸ್‌ಕೀಗೆ ಬದಲಾದೆವು. ಅಲ್ಲೂ ಎಡವಿದೆವು, ಅದನ್ನೂ ಹೇಳಬೇಕು.

ಅಥೆಂಟಿಕೇಟರಿನಲ್ಲಿ ಪಾಸ್‌ಕೀ ಇಡಲು ಆಂಡ್ರಾಯ್ಡ್ 14 ಅಥವಾ ಐಫೋನಿನಲ್ಲಿ ಐಒಎಸ್ 17 ಬೇಕು. ಸಾಹುಕಾರರ ಫೋನ್ ಹಳೆಯದು. ಅವರಿಗೆ ಎರಡು ಯುಎಸ್‌ಬಿ ಕೀ ತರಿಸಿದೆವು. ಒಂದು ಅವರ ಕೀಗೊಂಚಲಿನಲ್ಲಿ, ಇನ್ನೊಂದು ತಿಜೋರಿಯಲ್ಲಿ. ಎರಡು ದಂಡ ಅಂತ ಮೊದಲು ಅವರು ಗೊಣಗಿದ್ದರು. ಎರಡೇ ತಿಂಗಳಲ್ಲಿ ಕೀಗೊಂಚಲು ಬಸ್ಸಿನಲ್ಲಿ ಕಳೆದುಹೋಯಿತು. ತಿಜೋರಿಯದು ಇಲ್ಲದಿದ್ದರೆ ಆ ದಿನ ಬಿಲ್ಲೇ ಆಗುತ್ತಿರಲಿಲ್ಲ. ಕಳೆದ ಕೀಯನ್ನು ಅವತ್ತೇ ಖಾತೆಯಿಂದ ತೆಗೆದೆ.

ನನ್ನ ಕಂಪ್ಯೂಟರಿನಲ್ಲಿ ಇನ್ನೊಂದು ತೊಡಕು. ಪರದೆಯ ಕ್ಯೂಆರ್ ಸ್ಕ್ಯಾನ್ ಮಾಡಿದರೂ ಫೋನಿನ ಪಾಸ್‌ಕೀ ಒಪ್ಪುತ್ತಿರಲಿಲ್ಲ. ಫೋನು ನಿಜಕ್ಕೂ ಕಂಪ್ಯೂಟರಿನ ಹತ್ತಿರವೇ ಇದೆಯಾ ಅಂತ ಅದು ಬ್ಲೂಟೂತ್‌ನಲ್ಲಿ ನೋಡುತ್ತದೆ. ನಮ್ಮದು ಜೋಡಿಸಿದ ಡೆಸ್ಕ್‌ಟಾಪ್, ಬ್ಲೂಟೂತೇ ಇರಲಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ತಂದು ಹಾಕಿದೆ, ಸರಿಯಾಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಹಳೆಯ ಬಾಗಿಲನ್ನು ತೆರೆದೇ ಬಿಟ್ಟದ್ದು. ಪಿ.ಜೆ. ಬಡಾವಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಪರಿಚಯದ ಹುಡುಗನೊಬ್ಬ ಬಂದು ನೋಡಿದ. “ಅಕ್ಕಾ, ಇಲ್ಲಿ ನೋಡಿ” ಅಂತ ಲಾಗಿನ್ ಪುಟದಲ್ಲಿ ‘ಬೇರೆ ರೀತಿಯಲ್ಲಿ ಲಾಗಿನ್ ಆಗಿ’ ಅನ್ನುವುದನ್ನು ಒತ್ತಿದ. ಹಳೆಯ ಸಂಖ್ಯೆಯ ದಾರಿ, ಎಸ್‌ಎಂಎಸ್ ದಾರಿ ಎಲ್ಲ ಹಾಗೇ ಇದ್ದವು. ನಕಲಿ ಪುಟದವನು ಪಾಸ್‌ಕೀಯ ಮಾತೇ ಎತ್ತದೆ ನಮ್ಮನ್ನು ಆ ದಾರಿಗೇ ತಳ್ಳಬಹುದು. ಪಾಸ್‌ಕೀ ಬಿಟ್ಟು ಬೇರೆ ಯಾವುದನ್ನೂ ಒಪ್ಪಬೇಡ ಅಂತ ನಿಯಮ ಹಾಕಲು ಎಂಟ್ರಾ ಐಡಿ ಪಿ1 ಅನ್ನುವ, ಲಾಗಿನ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಸೇವೆ ಬೇಕು. ಅದು ಬಿಸಿನೆಸ್ ಪ್ರೀಮಿಯಂ ಪ್ಲಾನಿನಲ್ಲಿ ಬರುತ್ತದೆ. ನಮ್ಮದು ಚಿಕ್ಕ ಪ್ಲಾನ್ ಇತ್ತು. ಹೋದ ಹಣ ನೆನೆದು ಸಾಹುಕಾರರು ಮರುಮಾತಿಲ್ಲದೆ ಪ್ಲಾನ್ ಬದಲಿಸಲು ಹೇಳಿದರು. ನಿಯಮ ಹಾಕುವ ಮೊದಲು, ನಾವೇ ಒಳಗೆ ಹೋಗಲಾಗದೆ ಹೊರಗೆ ಉಳಿಯಬಾರದು ಅಂತ ತುರ್ತಿಗೆ ಎರಡು ಬೇರೆ ಅಡ್ಮಿನ್ ಖಾತೆ ಮಾಡಿ ಅವುಗಳ ಕೀಗಳನ್ನೂ ತಿಜೋರಿಗೆ ಹಾಕಿದೆವು.

ನಿಮ್ಮ ಖಾತೆಗೆ ಈಗಾಗಲೇ ಯಾರೋ ಬಂದಿರುವ ಅನುಮಾನ ಇದ್ದರೆ ಪಾಸ್‌ವರ್ಡ್ ಒಂದನ್ನೇ ಬದಲಿಸಿ ಕೂರಬೇಡಿ. ನಾನು ಹಾಗೇ ಮಾಡಿ ಎರಡು ದಿನ ಕಳೆದುಕೊಂಡೆ. ಬೀಗ ಬದಲಿಸಿದರೂ ಅವನ ಗೇಟ್ ಪಾಸ್ ಅವನ ಹತ್ತಿರವೇ ಇತ್ತು. ಅಡ್ಮಿನ್ ಪುಟದಿಂದ ಎಲ್ಲ ಸೆಷನ್ ರದ್ದು ಮಾಡಬೇಕು. ಮೇಲ್‌ನ ರೂಲ್‌ಗಳನ್ನು ನೋಡಬೇಕು. ನಾಮಕ್ಕಲ್ ಪಾರ್ಟಿಯ ಮೇಲ್ ಬಂದರೆ ನಾವು ಯಾವತ್ತೂ ತೆರೆಯದ ಫೋಲ್ಡರಿಗೆ ಹಾಕು ಅಂತ ಅವನು ರೂಲ್ ಬರೆದಿದ್ದ. ಅದಕ್ಕೇ ಹದಿನೈದು ದಿನ ನನಗೆ ಏನೂ ಕಾಣಲಿಲ್ಲ. ಕೊನೆಗೆ ಖಾತೆಯ ಭದ್ರತಾ ಮಾಹಿತಿ ಪುಟ ತೆರೆದು ಲಾಗಿನ್ ವಿಧಾನಗಳ ಪಟ್ಟಿ ನೋಡಿ. ನಮ್ಮ ಪಟ್ಟಿಯಲ್ಲಿ ನನ್ನ ಫೋನಿನ ಕೆಳಗೆ ಇನ್ನೊಂದು ಫೋನ್ ಇತ್ತು. ಅದು ನಮ್ಮ ಆಫೀಸಿನ ಯಾರದ್ದೂ ಆಗಿರಲಿಲ್ಲ.