ತೋಟದ ಕೊರಕಲಿನಲ್ಲಿ ಜಿಮ್ನಿ: ಚಕ್ರ ನೆಲ ಬಿಡಬಾರದು

ಮಾರುತಿ ಸುಜುಕಿಯ ನಾಲ್ಕೂ ಚಕ್ರಕ್ಕೆ ಬಲ ಕೊಡಬಲ್ಲ ಪುಟ್ಟ ಗಾಡಿ ಜಿಮ್ನಿಯ ಎಂಜಿನ್ ಶಕ್ತಿ, ಡಿಕ್ಕಿಯ ಜಾಗ, ಪರದೆಯ ಗಾತ್ರ ಎಲ್ಲವೂ 2023ರಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂದಾಗಿನಿಂದ ಬೇಕಾದಷ್ಟು ಚರ್ಚೆಯಾಗಿವೆ. ನಾನು ಬರೆಯುತ್ತಿರುವುದು ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಕಾಣುವ ಎರಡು ಆಕ್ಸಲ್‌ಗಳ ಬಗ್ಗೆ. ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಕ್ಕೆ ಇದು ಒಗ್ಗಿದ್ದು ಅವುಗಳಿಂದಲೇ.

ಮೇಲಿನ ಬ್ಲಾಕಿಗೆ ಹೋಗುವ ದಾರಿಯಲ್ಲಿ ಒಂದು ಕಡಿದಾದ ತಿರುವಿದೆ. ಜೂನ್ ಕಳೆಯುವಷ್ಟರಲ್ಲಿ ಮಳೆನೀರು ಅದನ್ನು ಓರೆಯಾಗಿ ಕೊರೆದಿರುತ್ತದೆ. ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಒಟ್ಟಿಗೆ ದಿಬ್ಬ ಹತ್ತುತ್ತವೆ; ಉಳಿದೆರಡು ಕೊರಕಲಿನೊಳಗೆ ಇಳಿಯಬೇಕು. ಇಳಿಯದೆ ಗಾಳಿಯಲ್ಲಿ ನೇತಾಡಿದರೆ ಗಾಡಿ ಅಲ್ಲೇ ನಿಂತಿತು. ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರು ಗುಂಪಾದ ಡಿಫರೆನ್ಷಿಯಲ್‌ನ ಸ್ವಭಾವವೇ ಹಾಗೆ: ನೆಲ ಬಿಟ್ಟ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ನೆಲ ಕಚ್ಚಿರುವ ಜೊತೆ ಚಕ್ರಕ್ಕೂ ಬಲ ಸಿಗುವುದಿಲ್ಲ.

ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಅಂದರೆ ಎಡಬಲ ಚಕ್ರಗಳನ್ನು ಕಟ್ಟಿದ ಒಂದೇ ಬಿಗಿ ತೊಲೆ; ಅದರ ಮೇಲೆ ಕಾಯಿಲ್ ಸ್ಪ್ರಿಂಗ್. ಒಂದು ಚಕ್ರ ಕಲ್ಲು ಹತ್ತಿದರೆ ತಕ್ಕಡಿಯಂತೆ ಇನ್ನೊಂದು ಚಕ್ರ ಕೆಳಕ್ಕೆ ಒತ್ತುತ್ತದೆ. ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ಆಡುವ ವಾಹನಗಳಲ್ಲಿ ಈ ಒತ್ತಾಸೆ ಇಲ್ಲ. ಅಲ್ಲಿ ಚಕ್ರ ಹಿಡಿದ ತೋಳುಗಳ ಉದ್ದ, ಚಕ್ರ ತಿರುಗಿಸುವ ಶಾಫ್ಟ್‌ನ ಕೀಲು ಬಾಗುವ ಕೋನ ಇವೇ ಚಕ್ರದ ಏರಿಳಿತಕ್ಕೆ ಮಿತಿ ಹಾಕುತ್ತವೆ. ಜೊತೆಗೆ ಡಿಫರೆನ್ಷಿಯಲ್ ಗಾಡಿಯ ಚೌಕಟ್ಟಾದ ಚಾಸಿಗೆ ಅಂಟಿಕೊಂಡಿರುವುದರಿಂದ ಸ್ಪ್ರಿಂಗ್ ಕುಗ್ಗಿದಾಗ ಅದೂ ನೆಲಕ್ಕೆ ಹತ್ತಿರವಾಗುತ್ತದೆ. ಗಟ್ಟಿ ಆಕ್ಸಲ್‌ನಲ್ಲಿ ಅದು ಚಕ್ರಗಳ ಜೊತೆಗೇ ಏರುತ್ತದೆ.

ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು ಬಲವನ್ನು ಆಚೆ ಬದಿಗೆ ದಾಟಿಸುವ ವ್ಯವಸ್ಥೆಯೂ ಇದರಲ್ಲಿದೆ, ನಿಜ. ಆದರೆ ಅದು ಕೆಲಸ ಶುರು ಮಾಡಬೇಕಾದರೆ ಚಕ್ರ ಮೊದಲು ಜಾರಬೇಕು. ಒದ್ದೆ ಕೆಮ್ಮಣ್ಣಿನಲ್ಲಿ ಚಕ್ರ ಒಂದು ಸುತ್ತು ಜಾರಿದರೂ ದಾರಿ ನುಣುಪಾಗಿ, ಹಿಂದೆ ಗೊಬ್ಬರ ಹೊತ್ತು ಬರುವ ಪಿಕಪ್ ಸಿಕ್ಕಿಬೀಳುತ್ತದೆ. ಆ ವ್ಯವಸ್ಥೆಗೆ ಕೆಲಸವೇ ಕೊಡದ ಸಸ್ಪೆನ್ಷನ್ ನನಗೆ ಬೇಕು.

ಮಳೆಗಾಲದಲ್ಲಿ ತೋಟದ ಗೇಟಿನ ಬಳಿ ನಿಲ್ಲಿಸಿ ನಾಲ್ಕೂ ಟೈರುಗಳ ಗಾಳಿಯನ್ನು 18 ಪಿಎಸ್‌ಐಗೆ ಇಳಿಸುತ್ತೇನೆ. ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಅಷ್ಟರಲ್ಲಿ ಛತ್ರಿ ಹಿಡಿದು ಬಂದು ಯಾವ ಬ್ಲಾಕಿನಲ್ಲಿ ಮರ ಬಿದ್ದಿದೆ, ಎಲ್ಲಿ ಚರಂಡಿ ಕಟ್ಟಿಕೊಂಡಿದೆ ಎಂದು ಹೇಳಿ ಮುಗಿಸಿರುತ್ತಾರೆ. ಗಾಡಿ ಪೂರ್ತಿ ನಿಂತಿರುವಾಗಲೇ ಸಣ್ಣ ಲಿವರನ್ನು ನಾಲ್ಕೂ ಚಕ್ರಕ್ಕೆ ನಿಧಾನದ ಗೇರಿನಲ್ಲಿ ಬಲ ಕೊಡುವ 4ಎಲ್‌ಗೆ ತಳ್ಳಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟೂ ಇಡದ ಹಾಗೆ ತಿರುವು ಹತ್ತಿಸುವುದು. ಕಿಟಕಿಯಿಂದ ತಲೆ ಹೊರಹಾಕಿ ನೋಡಿದರೆ ಹಿಂದಿನ ಚಕ್ರ ನಿಧಾನವಾಗಿ ಕೊರಕಲಿನ ತಳ ಹುಡುಕಿಕೊಂಡು ಇಳಿಯುತ್ತಿರುತ್ತದೆ. ಎಷ್ಟು ಸಲ ನೋಡಿದರೂ ಖುಷಿಯಾಗುತ್ತದೆ. ಸಂಜೆ ವಾಪಸು ಬಂದ ಮೇಲೆ ಗಾಡಿಯ ಸಾಕೆಟ್ಟಿನಿಂದಲೇ ಓಡುವ ಪುಟ್ಟ ಕಂಪ್ರೆಸರ್‌ನಿಂದ ಗಾಳಿ ತುಂಬಿಸಿ, ಆಕ್ಸಲ್ ಹಿಡಿದ ತೋಳುಗಳ ರಬ್ಬರ್ ಬುಷ್‌ಗಳಲ್ಲಿ ಕೂತ ಮಣ್ಣನ್ನು ಪೈಪಿನಲ್ಲಿ ತೊಳೆದರೆ ದಿನ ಮುಗಿಯಿತು.

ಡಾಂಬರು ರಸ್ತೆಯಲ್ಲಿ ಇದೇ ವಿನ್ಯಾಸ ಬೆಲೆ ಕೇಳುತ್ತದೆ. ಗಟ್ಟಿ ಆಕ್ಸಲ್‌ನ ಭಾರವೆಲ್ಲ ಸ್ಪ್ರಿಂಗ್‌ನ ಕೆಳಗಿರುವುದರಿಂದ ಒಂದು ಬದಿ ಗುಂಡಿಗೆ ಬಿದ್ದರೆ ಇಡೀ ಗಾಡಿ ಓಲಾಡುತ್ತದೆ. ಬೆಂಗಳೂರಿಗೆ ಹೋಗುವುದಾದರೆ ಅಮ್ಮ ಬಸ್ಸನ್ನೇ ಬಯಸುತ್ತಾರೆ. ಅವರು ಹೇಳುವುದು ಸರಿಯೇ.

ನನಗೆ ಸಿಟ್ಟು ಬರಿಸಿದ್ದು ಗಾಡಿಯಲ್ಲ, ಅದನ್ನು ಎತ್ತರ ಮಾಡಿಕೊಡುವ ವ್ಯಾಪಾರ. ನನ್ನ ಭಾವನ ಜಿಮ್ನಿಗೆ ಒಬ್ಬ ಮಾರಾಟಗಾರರು ಗಡುಸಾದ ಉದ್ದ ಸ್ಪ್ರಿಂಗ್ ಹಾಕಿ, ಶಾಕ್ ಅಬ್ಸಾರ್ಬರ್‌ಗಳನ್ನು ಹಳೆಯದೇ ಬಿಟ್ಟರು. "ಇನ್ನು ಎಲ್ಲಿ ಬೇಕಾದರೂ ಹತ್ತುತ್ತದೆ" ಎಂದು ಭರವಸೆ ಕೊಟ್ಟು ಒಳ್ಳೆಯ ಮೊತ್ತವನ್ನೇ ಪಡೆದರು. ನಿಂತಲ್ಲಿ ನೋಡಲು ಗಾಡಿ ಗಂಭೀರವಾಗಿತ್ತು. ಅದೇ ತಿರುವಿನಲ್ಲಿ, ಅದೇ ಗಾಳಿಯ ಒತ್ತಡದಲ್ಲಿ, ನನ್ನ ಗಾಡಿಯ ಹಿಂದೆಯೇ ಬಂದ ಅದು ಒಂದು ಚಕ್ರ ಎತ್ತಿಕೊಂಡು ನಿಂತುಬಿಟ್ಟಿತು. ಕಾರಣ ಸರಳ: ದೇಹ ಮೇಲೇರಿದಾಗ ಶಾಕ್‌ನ ಕೊಳವೆ ಅರ್ಧಕ್ಕರ್ಧ ಆಗಲೇ ಹೊರಬಂದಿರುತ್ತದೆ, ಚಕ್ರ ಕೆಳಗಿಳಿಯಲು ಉಳಿಯುವುದು ಅಲ್ಪ. ಗಡುಸು ಸ್ಪ್ರಿಂಗ್ ಬೇರೆ, ದಿಬ್ಬದ ಮೇಲಿನ ಚಕ್ರ ಕುಗ್ಗಲು ಬಿಡುವುದಿಲ್ಲ. ಆಕ್ಸಲ್ ಹಿಡಿದ ತೋಳುಗಳ ಕೋನ ಬದಲಾಗಿ ಹೆದ್ದಾರಿಯಲ್ಲಿ ಸ್ಟೇರಿಂಗ್ ಕೂಡ ನೇರ ನಿಲ್ಲುತ್ತಿರಲಿಲ್ಲ. ಇಷ್ಟಾಗಿಯೂ ಡಿಫರೆನ್ಷಿಯಲ್ ಕೆಳಗಿನ ಎತ್ತರ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ, ಏಕೆಂದರೆ ಅದನ್ನು ಏರಿಸುವುದು ದೊಡ್ಡ ಟೈರು ಮಾತ್ರ.

ಭಾವ ಮೂಲ ಸ್ಪ್ರಿಂಗ್‌ಗಳನ್ನೇ ಮತ್ತೆ ಹಾಕಿಸಿದರು. ನಿಮ್ಮ ದಾರಿಯಲ್ಲಿ ಗಾಡಿಯ ಹೊಟ್ಟೆ ನಿಜಕ್ಕೂ ತಾಗುತ್ತಿದ್ದರೆ ಎತ್ತರಿಸುವುದು ತಪ್ಪಲ್ಲ. ಆಗ ಅಂಗಡಿಯವರನ್ನು ಎಷ್ಟು ಇಂಚು ಎತ್ತುತ್ತೀರಿ ಎನ್ನುವುದಕ್ಕಿಂತ ಮೊದಲು, ಹೊಸ ಶಾಕ್ ಎಷ್ಟು ಉದ್ದ ಚಾಚುತ್ತದೆ, ಬ್ರೇಕ್ ಪೈಪು ಅಷ್ಟಕ್ಕೆ ಎಟುಕುತ್ತದೆಯೇ, ಸ್ಟೇರಿಂಗ್ ನೇರ ನಿಲ್ಲಿಸುವ ಕ್ಯಾಸ್ಟರ್ ಕೋನ ಸರಿಪಡಿಸಿಕೊಡುತ್ತೀರಾ ಎಂದು ಕೇಳಿ.