ಮನೆಯವರಿಗೆ ವಿಮಾನ ಆಗದಿದ್ದರೆ ಯಾವ ಕ್ರೂಸ್? ಕೊಡಗಿನಿಂದ ಹೊರಡುವವರಿಗೆ ಒಂದು ವಿಮರ್ಶೆ

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಕ್ರೂಸ್ ಆರಿಸುವಾಗ ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದದ್ದು ಇದನ್ನೇ. ಏಜೆಂಟರು “ಸಿಂಗಾಪುರಕ್ಕೆ ಬರೀ ನಾಲ್ಕೂವರೆ ಗಂಟೆ” ಎನ್ನುತ್ತಾರೆ. ಅದು ಬೆಂಗಳೂರಿನವರ ಲೆಕ್ಕ. ಮಡಿಕೇರಿಯಿಂದ ದೇವನಹಳ್ಳಿಗೆ ಸುಮಾರು 300 ಕಿ.ಮೀ., ಕಾರಿನಲ್ಲಿ ಆರೇಳು ಗಂಟೆ. ಅಲ್ಲಿ ಮೂರು ಗಂಟೆ ಮುಂಚೆ ಹೋಗಿ ಕೂರಬೇಕು. ಗೋಣಿಕೊಪ್ಪದ ಮನೆ ಗೇಟು ದಾಟಿದ ಮನುಷ್ಯ ಹಡಗಿನ ಮೆಟ್ಟಿಲು ಹತ್ತುವ ತನಕ ಒಟ್ಟು ಎಷ್ಟು ಗಂಟೆ ಕೂತೇ ಇರಬೇಕು ಎಂದು ಕೂಡಿಸಿ ನೋಡಿದರೆ ಮಾತ್ರ ನಿಜವಾದ ಲೆಕ್ಕ ಸಿಗುತ್ತದೆ. ಈ ವಿಮರ್ಶೆಯಲ್ಲಿ ಅಳತೆಗೋಲು ಅದೇ.

ಆಮೇಲೆ ಮನೆಯವರನ್ನು ಒಂದು ಪ್ರಶ್ನೆ ಕೇಳಿ: ವಿಮಾನದಲ್ಲಿ ನಿಮಗೆ ಆಗದೇ ಇರುವುದು ಏನು? ಕಿವಿನೋವೋ, ಮಂಡಿಯೋ, ಭಯವೋ? ಉತ್ತರ ಬೇರೆಯಾದರೆ ಆರಿಸುವ ಕ್ರೂಸೂ ಬೇರೆ.

ಕಿವಿನೋವು ಇರುವವರಿಗೆ ಗಂಟೆಗಳು ಮುಖ್ಯವಲ್ಲ, ಇಳಿಯುವಿಕೆ ಮುಖ್ಯ. ಹಾರಾಟದಲ್ಲಿರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ನಮ್ಮ ತಡಿಯಂಡಮೋಳ್ ತುದಿ 1,748 ಮೀಟರ್, ಅದಕ್ಕಿಂತಲೂ ಮೇಲೆ ಎಂದಾಯಿತು. ಅಲ್ಲಿಂದ ಸಮುದ್ರಮಟ್ಟಕ್ಕೆ ಅರ್ಧ ಗಂಟೆಯಲ್ಲಿ ಇಳಿಸಿದರೆ ಕಿವಿಯ ಒಳನಾಳ ತೆರೆದುಕೊಳ್ಳಲು ಪರದಾಡುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗಲೇ ಕಿವಿ ಕಟ್ಟಿಕೊಂಡು ಸುಳ್ಯದವರೆಗೂ ಬಿಡದವರಿಗೆ, ಎರಡು ವಿಮಾನ ಬದಲಿಸುವ ಅಗ್ಗದ ಟಿಕೆಟ್ ಬೇಡವೇ ಬೇಡ. ಅಂಥವರಿಗೆ ಒಂದೇ ಒಂದು ನೇರ ವಿಮಾನ ಐದು ಗಂಟೆಯದ್ದಾದರೂ ಪರವಾಗಿಲ್ಲ. ಶೀತ, ಸೈನಸ್ ಇದ್ದರೆ ಅದೂ ಬೇಡ.

ಮಂಡಿ, ಕಾಲು ಊತ, ರಕ್ತನಾಳದ ತೊಂದರೆ ಇರುವವರ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಪ್ರಯಾಣ ಮಾಡಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಷ್ಟು, ಅಂದರೆ ಹೆದರುವಷ್ಟಲ್ಲ. ಆದರೆ ಗಮನಿಸಬೇಕಾದದ್ದು, ಆ ಮಾತು ವಿಮಾನಕ್ಕೆ ಮಾತ್ರ ಅನ್ವಯಿಸುವುದಲ್ಲ. ಕಾರು, ಬಸ್ಸು, ರೈಲಿನಲ್ಲಿ ಅಲುಗಾಡದೆ ಕೂತರೂ ಅಷ್ಟೇ. ಕುಶಾಲನಗರದಲ್ಲಿ ಕಾರು ಹತ್ತಿ ದೇವನಹಳ್ಳಿಯವರೆಗೆ ಒಂದೇ ಸಲ ಹೋಗಿ, ಹಾಗೇ ವಿಮಾನ ಹತ್ತುವವರು ಕಾಲಿಗೆ ಬಿಡುವನ್ನೇ ಕೊಟ್ಟಿರುವುದಿಲ್ಲ. ಮೈಸೂರಿನಲ್ಲೊಮ್ಮೆ, ಮದ್ದೂರಿನಲ್ಲೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ. ಮೈಸೂರಿನಲ್ಲಿ ಒಂದು ರಾತ್ರಿ ನಿಂತು ಮರುದಿನ ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಫ್ಲೈಬಸ್ ಹಿಡಿದರೆ ಇನ್ನೂ ಒಳ್ಳೆಯದು.

ಭಯ ಇರುವವರಿಗೆ ಸಮಾಧಾನ ಹೇಳಿ ಪ್ರಯೋಜನವಿಲ್ಲ. ಅವರನ್ನು ವಿಮಾನ ಹತ್ತಿಸಲೇಬೇಕಾಗಿಲ್ಲ. ಈಗ ನೇರವಾಗಿ ವಿಮಾನವಿಲ್ಲದ ಆ ದಾರಿಗೇ ಬರೋಣ, ಏಕೆಂದರೆ ಕೊಡಗಿನವರಿಗೆ ಅದೇ ಅತ್ಯುತ್ತಮ ದಾರಿ.

ಚೆನ್ನೈನಿಂದ ಶ್ರೀಲಂಕಾ. ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು 2023ರ ಜೂನ್‌ನಲ್ಲಿ ಚೆನ್ನೈನಿಂದ ಹಂಬನ್‌ತೋಟ, ತ್ರಿಂಕೋಮಲಿ, ಜಾಫ್ನಾದ ಕಾಂಕೇಸನ್‌ತುರೈ ಕಡೆಗೆ ಓಡಲು ಶುರುಮಾಡಿತು. ನೈಋತ್ಯ ಮುಂಗಾರಿನಲ್ಲಿ ಅರಬ್ಬೀ ಸಮುದ್ರ ರೊಚ್ಚಿಗೆದ್ದಿರುತ್ತದೆ, ಆಗ ಮುಂಬೈ ಬಿಟ್ಟು ಪೂರ್ವ ಕರಾವಳಿಗೆ ಬರುವುದೇ ಹಡಗಿಗೆ ಕ್ಷೇಮ. ನಮಗೂ ಅದೇ ಕಾಲ ಅನುಕೂಲ. ಅರೇಬಿಕಾ ಕಾಫಿ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಅದರ ಹಿಂದೆಯೇ. ಆಮೇಲೆ ಮೆಣಸು, ಹೂಮಳೆ, ಸ್ಪ್ರಿಂಕ್ಲರ್. ತೋಟದವರಿಗೆ ಸ್ವಲ್ಪ ಉಸಿರು ಸಿಗುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಮಳೆಗಾಲದಲ್ಲಿ ಪಶ್ಚಿಮಕ್ಕೆ ಸಂಪಾಜೆ, ಮಾಕುಟ್ಟ ಘಾಟಿಗಳನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜಾರಿ ಮಂಗಳೂರು ರಸ್ತೆ ಕಡಿದುಹೋದದ್ದು ಯಾರೂ ಮರೆತಿಲ್ಲ. ಕುಶಾಲನಗರ, ಹುಣಸೂರು ಕಡೆಗೆ ಇಳಿಯುವ ಪೂರ್ವದ ದಾರಿ ಹೆಚ್ಚು ಭರವಸೆಯದ್ದು. ಚೆನ್ನೈ ಇರುವುದೂ ಆ ಕಡೆಗೇ.

ದಾರಿ ಹೀಗೆ: ಮಡಿಕೇರಿಯಿಂದ ಮೈಸೂರು 120 ಕಿ.ಮೀ., ಮೂರು ಗಂಟೆ. ಮೈಸೂರಿನಿಂದ ಚೆನ್ನೈ ಸೆಂಟ್ರಲ್‌ಗೆ ವಂದೇ ಭಾರತ್‌ನಲ್ಲಿ ಸುಮಾರು ಆರೂವರೆ ಗಂಟೆ. ಮಲಗಿ ಹೋಗುವುದಾದರೆ ರಾತ್ರಿ ಹೊರಟು ಬೆಳಿಗ್ಗೆ ಮುಟ್ಟಿಸುವ ಕಾವೇರಿ ಎಕ್ಸ್‌ಪ್ರೆಸ್. ಮಂಡಿನೋವಿನವರಿಗೆ ಅದರ ಎರಡನೇ ಎಸಿಯ ಕೆಳಗಿನ ಬರ್ತ್ ಸಿಕ್ಕಿದರೆ ವಿಮಾನದ ಯಾವ ಸೀಟೂ ಅದಕ್ಕೆ ಸಮವಲ್ಲ. ಬಂದರು ಸೆಂಟ್ರಲ್‌ಗೆ ಹತ್ತಿರವೇ ಇದೆ. ಹಡಗು ಹೊರಡುವ ಹಿಂದಿನ ದಿನವೇ ಚೆನ್ನೈ ಸೇರಿ. ಹಡಗು ಯಾರಿಗೂ ಕಾಯುವುದಿಲ್ಲ, ಚೆಕ್‌ಇನ್ ಹೊರಡುವುದಕ್ಕಿಂತ ಬಹಳ ಮುಂಚೆಯೇ ಮುಚ್ಚುತ್ತದೆ. ಕುಶಾಲನಗರದ ಹತ್ತಿರ ಒಂದು ಮರ ಬಿದ್ದರೂ ಸಾಕು, ರೈಲು ತಪ್ಪಿ ಹಣ ಪೂರ್ತಿ ಹೋಗುತ್ತದೆ.

ಹಡಗಿನ ಬಗ್ಗೆ ನೇರವಾಗಿ ಹೇಳಬೇಕು. ಎಂಪ್ರೆಸ್ ಹೊಸ ಹಡಗಲ್ಲ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ಮೊದಲು ರಾಯಲ್ ಕೆರಿಬಿಯನ್ ಕಂಪನಿಯ ‘ನಾರ್ಡಿಕ್ ಎಂಪ್ರೆಸ್’ ಆಗಿತ್ತು. ಉದ್ದ ಸುಮಾರು 211 ಮೀಟರ್. ಆ ಕಾಲದ ಹಡಗಾದ್ದರಿಂದ ಕ್ಯಾಬಿನ್ ಚಿಕ್ಕವು, ಬಾಲ್ಕನಿ ಇರುವವು ಕಡಿಮೆ. ಎರಡು ದೊಡ್ಡ ಸೂಟ್‌ಕೇಸ್ ತೆರೆದಿಟ್ಟರೆ ನಡೆಯಲು ಜಾಗ ಉಳಿಯದು, ಮಂಚದ ಕೆಳಗೆ ಹೋಗುವ ಮೆತ್ತನೆಯ ಬ್ಯಾಗ್ ಒಯ್ಯಿರಿ. ಇಕ್ಕಟ್ಟಿನ ಜಾಗ ಎಂದರೆ ಎದೆ ಬಡಿದುಕೊಳ್ಳುವವರಿಗೆ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ತೆಗೆದುಕೊಳ್ಳಬೇಡಿ. ಉಳಿಸಿದ ಹಣ ಮೊದಲ ರಾತ್ರಿಯೇ ವ್ಯರ್ಥವಾಗುತ್ತದೆ. ಊಟ ನಮ್ಮವರಿಗೆ ಹೊಂದುತ್ತದೆ, ಸಸ್ಯಾಹಾರ, ಜೈನ ಊಟ ಎಲ್ಲವೂ ಇದೆ. ಮದ್ಯ, ವೈಫೈ, ದಡದ ಪ್ರವಾಸ, ಸೇವಾ ಶುಲ್ಕ, ಜಿಎಸ್‌ಟಿ ಪ್ರತ್ಯೇಕ. ಜಾಹೀರಾತಿನ ದರ ನೋಡಿ ನಿರ್ಧರಿಸದೆ ಕೊನೆಯ ಪುಟದ ಒಟ್ಟು ಮೊತ್ತ ನೋಡಿ. ಮನೆಯಲ್ಲಿ ಮಾಡಿದ ವೈನ್ ಬಾಟಲಿ ಬ್ಯಾಗಿನಲ್ಲಿಟ್ಟರೆ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತದೆ, ಹೊರಗಿನ ಮದ್ಯ ಹಡಗಿಗೆ ಬಿಡುವುದಿಲ್ಲ.

ಸಮುದ್ರದ ವಿಷಯದಲ್ಲಿ ಈ ಮಾರ್ಗಕ್ಕೆ ಎರಡು ಮುಖ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತ್ರಿಂಕೋಮಲಿ ಕಡೆ ನೀರು ಶಾಂತ, ಏಕೆಂದರೆ ಇಡೀ ಲಂಕಾ ದ್ವೀಪವೇ ನೈಋತ್ಯ ಗಾಳಿಗೆ ಅಡ್ಡ ನಿಂತಿರುತ್ತದೆ. ದಕ್ಷಿಣದ ಹಂಬನ್‌ತೋಟಕ್ಕೆ ಆ ಮರೆ ಇಲ್ಲ, ಅಲ್ಲಿ ಹಡಗು ಅಲುಗಾಡುತ್ತದೆ. ಎರಡರಲ್ಲಿ ಒಂದು ಆರಿಸುವ ಅವಕಾಶವಿದ್ದರೆ, ವಾಂತಿ ಆಗುವವರು ಹಂಬನ್‌ತೋಟ ಇಲ್ಲದ ಸುತ್ತು ತೆಗೆದುಕೊಳ್ಳಲಿ. ತ್ರಿಂಕೋಮಲಿಯ ಬಂಡೆಯ ಮೇಲಿನ ಕೋಣೇಶ್ವರ ದೇವಸ್ಥಾನ, ಜಾಫ್ನಾದ ನಲ್ಲೂರು ಕಂದಸ್ವಾಮಿ ಗುಡಿ ಎರಡೂ ವಯಸ್ಸಾದವರಿಗೆ ದಡದಲ್ಲಿ ಒಂದು ದಿನ ಕಳೆಯಲು ತಕ್ಕವು. ಹಂಬನ್‌ತೋಟದಿಂದ ಯಾಲಾ ಕಾಡಿಗೆ ಜೀಪ್ ಸವಾರಿ ಇದೆ, ಆದರೆ ನಾಗರಹೊಳೆ ಪಕ್ಕದಲ್ಲೇ ಇರುವವರು ಅದಕ್ಕಾಗಿ ಸೊಂಟ ಹಾಳುಮಾಡಿಕೊಳ್ಳಬೇಕಾಗಿಲ್ಲ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಈ ವರ್ಷ ಚೆನ್ನೈನಿಂದ ಯಾವ ಸುತ್ತು, ಯಾವ ದಿನ ಎಂಬುದನ್ನು ರೈಲು ಟಿಕೆಟ್ ಕಾಯ್ದಿರಿಸುವ ಮುಂಚೆ ಖಚಿತಪಡಿಸಿಕೊಳ್ಳಿ, ಮಾರ್ಗ ಪ್ರತಿ ಋತುವಿಗೂ ಬದಲಾಗುತ್ತದೆ.

ಕೊಚ್ಚಿಯಿಂದ ಲಕ್ಷದ್ವೀಪ. ದಕ್ಷಿಣ ಕೊಡಗಿನವರಿಗೆ ಇದು ಎಲ್ಲಕ್ಕಿಂತ ಹತ್ತಿರ. ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ಮೂಲಕ ತಲಶ್ಶೇರಿಗೆ ಸುಮಾರು 80 ಕಿ.ಮೀ., ಅಲ್ಲಿಂದ ಎರ್ನಾಕುಳಂಗೆ ರೈಲಿನಲ್ಲಿ ಐದು ಗಂಟೆ ಆಸುಪಾಸು. ಬಂದರು ವಿಲಿಂಗ್ಡನ್ ದ್ವೀಪದಲ್ಲಿ, ಎರ್ನಾಕುಳಂ ಜಂಕ್ಷನ್‌ನಿಂದ ಆಟೋದಲ್ಲಿ ಹೋಗುವಷ್ಟು ದೂರ. ಎಂಪ್ರೆಸ್‌ನ ಕೆಲವು ಸುತ್ತುಗಳಿಗೆ ಕೊಚ್ಚಿಯಲ್ಲೂ ಹತ್ತಬಹುದು. ಅದಲ್ಲದೆ ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ ‘ಸ್ಪೋರ್ಟ್ಸ್’ ನಡೆಸುವ ‘ಸಮುದ್ರಂ’ ಪ್ಯಾಕೇಜ್ ಇದೆ: ಎಂ.ವಿ. ಕವರತ್ತಿ ಹಡಗಿನಲ್ಲಿ ಐದು ದಿನ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲೇ. ಐಷಾರಾಮಿ ಹಡಗು ಎಂದುಕೊಂಡು ಹೋದರೆ ನಿರಾಸೆ, ಇದು ದ್ವೀಪದ ಜನರೂ ಓಡಾಡುವ ಪ್ರಯಾಣಿಕ ಹಡಗು. ಡೈಮಂಡ್, ಗೋಲ್ಡ್ ಎಂದು ಎರಡು ದರ್ಜೆ. ಗಂಡಹೆಂಡತಿ ಇಬ್ಬರೇ ಇರಬೇಕೆಂದರೆ ಡೈಮಂಡ್ ಕೇಳಿ, ಶೌಚಾಲಯ ಕ್ಯಾಬಿನ್ನಿನೊಳಗೇ ಇದೆಯೇ ಎಂದು ಹಣ ಕಟ್ಟುವ ಮುಂಚೆ ಕೇಳಿ. ಗೋಲ್ಡ್‌ನಲ್ಲಿ ಬೇರೆಯವರೊಂದಿಗೆ ಕ್ಯಾಬಿನ್ ಹಂಚಿಕೊಳ್ಳಬೇಕಾಗಬಹುದು.

ಇಲ್ಲಿ ಸಮಸ್ಯೆ ಬರುವುದು ಹಡಗಿನಲ್ಲಲ್ಲ, ಇಳಿಯುವಲ್ಲಿ. ದ್ವೀಪಗಳ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ಲಗೂನ್. ದೊಡ್ಡ ಹಡಗು ಹೊರಗೇ ನಿಂತು, ಬದಿಯ ಕೆಳಬಾಗಿಲಿನಿಂದ ಪ್ರಯಾಣಿಕರನ್ನು ಸಣ್ಣ ದೋಣಿಗೆ ದಾಟಿಸುತ್ತಾರೆ. ದೋಣಿ ಅಲೆಯ ಜೊತೆ ಏರುತ್ತದೆ, ಇಳಿಯುತ್ತದೆ. ಅದು ಮೇಲೆ ಬಂದ ಕ್ಷಣದಲ್ಲಿ ಕಾಲಿಡಬೇಕು, ಇಬ್ಬರು ಸಿಬ್ಬಂದಿ ಮುಂಗೈ ಹಿಡಿದು ಎಳೆದುಕೊಳ್ಳುತ್ತಾರೆ. ಕೈಯಲ್ಲಿ ಚೀಲ ಇರಬಾರದು, ಸೀರೆಯ ನೆರಿಗೆ ಕಾಲಿಗೆ ಸಿಕ್ಕಬಾರದು, ಚಪ್ಪಲಿಗೆ ಹಿಂದೆ ಪಟ್ಟಿ ಇರಬೇಕು. ಮಂಡಿ ಮಡಚಲು ಆಗದವರಿಗೆ ಇದು ವಿಮಾನದ ಐದು ಗಂಟೆಗಿಂತ ಕಷ್ಟ. ಹಾಗಾಗಿ ವಿಮಾನದ ಭಯ ಇರುವವರಿಗೆ, ಕಿವಿನೋವಿನವರಿಗೆ ಲಕ್ಷದ್ವೀಪವನ್ನು ಖಂಡಿತ ಹೇಳಬಹುದು, ಮಂಡಿಯವರಿಗೆ ಚೆನ್ನೈ.

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪೊಲೀಸ್ ಪರಿಶೀಲನಾ ಪತ್ರದ ಅಗತ್ಯ ಬಿದ್ದರೆ ಅದಕ್ಕೆ ಸಮಯ ಹಿಡಿಯುತ್ತದೆ, ಕನಿಷ್ಠ ಒಂದೂವರೆ ತಿಂಗಳು ಮುಂಚೆ ಶುರುಮಾಡಿ. ಪ್ರವಾಸಿಗರಿಗೆ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಕಾಲ. ತೋಟದವರಿಗೆ ಅದರಲ್ಲಿ ಎರಡೇ ಕಿಂಡಿ: ಕಾವೇರಿ ಸಂಕ್ರಮಣ ಮುಗಿದು ಹಣ್ಣು ಕೊಯ್ಲು ಶುರುವಾಗುವ ಮುಂಚಿನ ಮೂರು ವಾರ, ಮತ್ತೆ ಮೆಣಸು ಮುಗಿದ ಮೇಲೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳು. ಮೇ ತಿಂಗಳೇ ನಮ್ಮ ಆಯ್ಕೆ, ಆದರೆ ತಿಂಗಳ ಮಧ್ಯ ದಾಟಬೇಡಿ. ಹಡಗಿನ ದಿನಾಂಕ ಜಾರುವುದುಂಟು, ವಾಪಸು ರೈಲಿಗೂ ಮುಂದಿನ ಕೆಲಸಕ್ಕೂ ನಡುವೆ ಒಂದು ದಿನ ಖಾಲಿ ಬಿಡಿ.

ಮುಂಬೈನಿಂದ ಗೋವಾಕ್ಕೆ ಎರಡು ರಾತ್ರಿಯ ಸುತ್ತು ಇದೆ, ಮಂಗಳೂರಿನಿಂದ ಮತ್ಸ್ಯಗಂಧ ರೈಲಿನಲ್ಲಿ ರಾತ್ರಿ ಕಳೆದು ಹೋಗಬಹುದು. ಎರಡು ರಾತ್ರಿಯ ಹಡಗಿಗೆ ಹೋಗಿಬರಲು ಎರಡು ರಾತ್ರಿ ರೈಲು. ಗೋವಾ ನಮಗೆ ರಸ್ತೆಯಲ್ಲೇ ಸಿಗುತ್ತದೆ. ಶಿಫಾರಸು ಮಾಡುವುದಿಲ್ಲ.

ಸಿಂಗಾಪುರ ಗಡಿ ಕಲ್ಲು. ನಾಲ್ಕೂವರೆ ಗಂಟೆಯ ಒಂದೇ ನೇರ ವಿಮಾನವನ್ನು ಮನೆಯವರು ಒಪ್ಪಿದರೆ ಮಾತ್ರ. ಒಪ್ಪಿದರೆ ಸಿಗುವುದು ದೊಡ್ಡ ಹೊಸ ಹಡಗು, ಪೆನಾಂಗ್, ಫುಕೆಟ್, ಪೋರ್ಟ್ ಕ್ಲಾಂಗ್ ಕಡೆ ಮೂರರಿಂದ ಐದು ರಾತ್ರಿ. ಮಲಕ್ಕಾ ಜಲಸಂಧಿಗೆ ಸುಮಾತ್ರಾ ಗೋಡೆಯಂತೆ ನಿಂತಿರುವುದರಿಂದ ಈ ನೀರು ಬಹುತೇಕ ಕೆರೆಯಂತೆ. ಹಡಗಿನ ಓಲಾಟಕ್ಕೆ ಹೆದರುವವರಿಗೆ ಇದೇ ಅತ್ಯಂತ ಮೃದುವಾದ ಕ್ರೂಸ್. ಹಡಗು ದೇಶ ಬಿಟ್ಟು ಮತ್ತೆ ಬರುವುದರಿಂದ ಸಿಂಗಾಪುರ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಬೇಕು. ಇದು ತಪ್ಪಿದರೆ ಬಂದರಿನ ಕೌಂಟರ್‌ನಲ್ಲೇ ಪ್ರವಾಸ ಮುಗಿಯುತ್ತದೆ. ಟಿಪ್ ಎಂದು ಒಬ್ಬರಿಗೆ ದಿನಕ್ಕೆ 18 ಅಮೆರಿಕನ್ ಡಾಲರ್ ಆಸುಪಾಸು ಬಿಲ್ಲಿಗೆ ಸೇರುತ್ತದೆ.

ಕಣ್ಣೂರು ವಿಮಾನ ನಿಲ್ದಾಣ ವಿರಾಜಪೇಟೆಗೆ 60 ಕಿ.ಮೀ. ಒಳಗೇ ಇದೆ, ಕೊಲ್ಲಿ ದೇಶಗಳಿಗೆ ನಾಲ್ಕು ಗಂಟೆಯ ವಿಮಾನವೂ ಸಿಗುತ್ತದೆ. ಕೂತಿರುವ ಗಂಟೆಗಳ ಲೆಕ್ಕದಲ್ಲಿ ದುಬೈ ಕ್ರೂಸ್ ಸಿಂಗಾಪುರವನ್ನು ಮೀರಿಸುತ್ತದೆ. ಆದರೆ ಅಲ್ಲಿನ ಋತು ನವೆಂಬರ್‌ನಿಂದ ಮಾರ್ಚ್, ನಮ್ಮ ಕಣ ತುಂಬಾ ಕಾಫಿ ಹರಡಿರುವ ಕಾಲ. ತೋಟ ಇಲ್ಲದವರು ಯೋಚಿಸಬಹುದು. ಮೆಡಿಟರೇನಿಯನ್, ಅಲಾಸ್ಕಾ ಎಂದು ಮನೆಯವರನ್ನು ಒಲಿಸುವ ಪ್ರಯತ್ನ ಬೇಡ.

ಹಡಗಿಗೆ ಹೊಂದುತ್ತಾರೋ ಇಲ್ಲವೋ ಎಂಬುದನ್ನು ಮನೆಯಲ್ಲೇ ತಿಳಿಯಬಹುದು. ಮಾಕುಟ್ಟ ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ವಾಂತಿ ಮಾಡುವವರಿಗೆ ಹಡಗಿನಲ್ಲೂ ಹೊಟ್ಟೆ ತೊಳಸುವ ಸಂಭವ ಹೆಚ್ಚು. ಎರಡೂ ಕಡೆ ಕಾರಣ ಒಂದೇ, ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು. ಅಂಥವರಿಗೆ ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ, ಕಿಟಕಿ ಇರುವ ಕ್ಯಾಬಿನ್ ಕಾಯ್ದಿರಿಸಿ. ತಕ್ಕಡಿಯ ನಡುವಿನಂತೆ ಅಲ್ಲಿ ಏರಿಳಿತ ಅತಿ ಕಡಿಮೆ, ಮೂತಿಯ ಕಡೆ ಅತಿ ಹೆಚ್ಚು. “ಯಾವುದಾದರೂ ಕ್ಯಾಬಿನ್” ಎಂಬ ಅಗ್ಗದ ದರದಲ್ಲಿ ಬುಕ್ ಮಾಡಿದರೆ ಈ ಆಯ್ಕೆ ನಿಮ್ಮ ಕೈಯಲ್ಲಿರುವುದಿಲ್ಲ. ವಾಂತಿ ತಡೆಯುವ ಅವೊಮಿನ್ ಮಾತ್ರೆ ಹೊಟ್ಟೆ ತೊಳಸಲು ಶುರುವಾದ ಮೇಲೆ ಅಷ್ಟಾಗಿ ಕೆಲಸ ಮಾಡದು, ಒಂದೆರಡು ಗಂಟೆ ಮುಂಚೆಯೇ ನುಂಗಬೇಕು. ನಿದ್ದೆ ತರಿಸುತ್ತದೆ, ಮದ್ಯದ ಜೊತೆ ಕೂಡದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡ. ಕಾರಿನಲ್ಲಿ ಘಾಟಿ ಇಳಿಯುವಾಗಲೇ ಒಂದು ಸಲ ಕೊಟ್ಟು ನೋಡಿದರೆ, ಮೈಗೆ ಹೇಗೆ ಒಗ್ಗುತ್ತದೆ ಎಂಬುದು ಹಡಗು ಹತ್ತುವ ಮುಂಚೆಯೇ ಗೊತ್ತಾಗುತ್ತದೆ.