ಹದಿನೇಳನೇ ಹೋಲಿನ ಪಕ್ಕ ಒಂದು ಮಡಚುಕುರ್ಚಿ: ಡಿಸ್ಕ್ ಗಾಲ್ಫನ್ನು ಮೂರು ಬಗೆಯಲ್ಲಿ ನೋಡಿದ್ದು

"ಯಾರು ಗೆಲ್ತಾ ಇರುವುದು ಅಳಿಯಂದ್ರೇ?"

ಮಾವ ಹೀಗೆ ಕೇಳುವಾಗ ನಾವು ಹಳದಿ ಹಗ್ಗದ ಈಚೆ ನಿಂತು ಎರಡು ಗಂಟೆಯಾಗಿತ್ತು. ನನಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ಈ ಆಟ ಆಡುತ್ತಿದ್ದೇನೆ, ಟಿಕೆಟ್ ತೆಗೆದುಕೊಂಡು ಬಂದಿದ್ದೇನೆ, ಕಣ್ಣೆದುರಿಗೇ ನಾಲ್ವರು ಆಡುತ್ತಿದ್ದಾರೆ, ಆದರೂ ಮುಂದಿರುವವರು ಯಾರೆಂದು ಹೇಳಲು ಬರಲಿಲ್ಲ. ಪಕ್ಕದವರನ್ನು ಕೇಳಿದೆ. ಅವರೂ ಫೋನ್ ತೆಗೆದು ನೋಡಿಯೇ ಹೇಳಿದರು. ಮಾವ ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾದರು. ಮೂಡುಬಿದಿರೆ ಕಂಬಳದಲ್ಲಿ ರಾತ್ರಿ ಎರಡಕ್ಕೂ ಯಾರ ಜೋಡಿ, ಎಷ್ಟು ಸೆಕೆಂಡಿಗೆ ಬಂತು ಅಂತ ಮೈಕಿನಲ್ಲಿ ಕೂಗುವುದನ್ನು ಕೇಳಿಕೊಂಡು ಬೆಳೆದ ಜನ ಅವರು.

ನಾವಿದ್ದದ್ದು ಸೌತ್ ಕ್ಯಾರೊಲೈನಾದ ರಾಕ್ ಹಿಲ್‌ನಲ್ಲಿ, ವಿನ್‌ಥ್ರಾಪ್ ವಿಶ್ವವಿದ್ಯಾಲಯದ ಕೆರೆಯ ಸುತ್ತಲಿನ ಮೈದಾನದಲ್ಲಿ. ಷಾರ್ಲೆಟ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ 1999ರಲ್ಲಿ ಶುರುವಾದದ್ದು ಇಲ್ಲೇ. ಆ ಮೊದಲ ವರ್ಷ ಗೆದ್ದವರು ಕೆನ್ ಕ್ಲೈಮೊ, 12 ಸಲ ವಿಶ್ವ ಚಾಂಪಿಯನ್ ಆದವರು. ಆಟದ ಲೆಕ್ಕವೆಲ್ಲ ಗಾಲ್ಫಿನದ್ದೇ. ಚೆಂಡಿನ ಬದಲು ಪ್ಲಾಸ್ಟಿಕ್ ತಟ್ಟೆ, ಕುಳಿಯ ಬದಲು ಚೈನು ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಎಸೆಯಲು ನಿಲ್ಲುವ ಜಾಗ ಟೀ, ಅಲ್ಲಿಂದ ಬುಟ್ಟಿಯವರೆಗಿನ ದಾರಿ ಒಂದು ಹೋಲು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ.

ಮಾವ ಆರು ತಿಂಗಳಿಗೆಂದು ಬಂದಿದ್ದರು. ಹೆಂಡತಿಗೆ ನನ್ನ ಈ ಹುಚ್ಚು ಗೊತ್ತು, ರುಚಿ ಹತ್ತಿರಲಿಲ್ಲ. ಹಾಗಾಗಿ ಆ ಅಕ್ಟೋಬರಿನಲ್ಲಿ ಒಂದು ಪರೀಕ್ಷೆ ಮಾಡೋಣ ಅನ್ನಿಸಿತು. ನಾಲ್ಕು ದಿನದ ಪಂದ್ಯ. ಗುರುವಾರ ಮೈದಾನದಲ್ಲಿ, ಶುಕ್ರವಾರ ಮನೆಯ ಟಿವಿಯಲ್ಲಿ ಲೈವ್, ಶನಿವಾರ ಅದೇ ಶುಕ್ರವಾರದ ಸುತ್ತನ್ನು ಯೂಟ್ಯೂಬ್‌ನಲ್ಲಿ ಎಡಿಟ್ ಮಾಡಿ ಹಾಕಿದ ವಿಡಿಯೋ. ಭಾನುವಾರ ಏನು ಮಾಡುವುದು ಅಂತ ಅವರೇ ಹೇಳಲಿ. ನನಗೆ ತಿಳಿಯಬೇಕಿದ್ದದ್ದು ಇಷ್ಟೇ: ಜೀವಮಾನದಲ್ಲಿ ಒಂದು ಡಿಸ್ಕೂ ಎಸೆಯದವರನ್ನು ಇವುಗಳಲ್ಲಿ ಯಾವುದು ಕೊನೆಯವರೆಗೆ ಕೂರಿಸುತ್ತದೆ?

ಈ ಪ್ರಶ್ನೆಗೆ ಕಾರಣ ಇದೆ. ಈ ಆಟಕ್ಕೆ ನೋಡುಗರಿಲ್ಲ ಅಂತಲ್ಲ, ಇರುವವರೆಲ್ಲ ಆಡುವವರೇ. ಮೈದಾನದಲ್ಲಿ ಸುತ್ತ ನೋಡಿದರೆ ಹತ್ತರಲ್ಲಿ ಒಂಬತ್ತು ಜನರ ಹೆಗಲಲ್ಲಿ ಡಿಸ್ಕಿನ ಚೀಲ ಕಾಣುತ್ತದೆ. ದುಡ್ಡಿನ ಹಾದಿಯೂ ಹಾಗೇ. 2021ರಲ್ಲಿ ಪಾಲ್ ಮೆಕ್‌ಬೆತ್ ಎಂಬ ಆಟಗಾರರಿಗೆ ಹತ್ತು ವರ್ಷಕ್ಕೆ 1 ಕೋಟಿ ಡಾಲರಿನ ಕರಾರು ಸಿಕ್ಕಿತು. ಕೊಟ್ಟದ್ದು ಡಿಸ್ಕ್ ತಯಾರಿಸುವ ಡಿಸ್ಕ್ರಾಫ್ಟ್ ಕಂಪನಿ. ಟಿವಿಯವರಲ್ಲ, ಟಿಕೆಟ್ ಮಾರುವವರಲ್ಲ. ಕ್ರಿಕೆಟ್ ಬ್ಯಾಟ್ ಮಾರುವವರ ದುಡ್ಡಿನಲ್ಲೇ ಕ್ರಿಕೆಟ್ ನಡೆಯುವುದಾಗಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

ಮೊದಲು ಮೈದಾನ. ಇಲ್ಲಿ ಪ್ರೇಕ್ಷಕನಾಗುವುದು ಅಂದರೆ ನಡೆಯುವುದು. ಒಂದು ಗುಂಪನ್ನು ಹಿಡಿದುಕೊಂಡು ಹದಿನೆಂಟು ಹೋಲು ಸುತ್ತಬೇಕು, ಸುಮಾರು ನಾಲ್ಕು ಗಂಟೆ. ಆಟಗಾರ ಟೀ ಮೇಲೆ ನಿಂತರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಉಸಿರೆತ್ತಬಾರದು. ತೊಂದರೆ ಏನೆಂದರೆ, ಟೀ ಹತ್ತಿರ ನಿಂತರೆ ಡಿಸ್ಕ್ ಹೋದದ್ದು ಗೊತ್ತಾಗುತ್ತದೆ, ಬಿದ್ದದ್ದು ಗೊತ್ತಾಗುವುದಿಲ್ಲ. ಬುಟ್ಟಿಯ ಹತ್ತಿರ ನಿಂತರೆ ಆಕಾಶದಿಂದ ಏನೋ ಬಂದು ಬೀಳುತ್ತದೆ, ಯಾರು ಎಸೆದದ್ದೆಂದು ಗೊತ್ತಾಗುವುದಿಲ್ಲ. ದೂರದಲ್ಲಿ ಸ್ವಯಂಸೇವಕರು ಬಾವುಟ ಎತ್ತಿದ ಮೇಲೆ ಡಿಸ್ಕ್ ಹಗ್ಗದ ಒಳಗೋ ಹೊರಗೋ ಅಂತ ತಿಳಿಯಬೇಕು. "ಕಂಬಳದಲ್ಲಿ ಕೋಣ ಬಿಡುವ ಕಡೆಯಲ್ಲಿ ನಿಂತರೂ ಮಂಜೊಟ್ಟಿ ಕಾಣ್ತದೆ," ಅಂದರು ಮಾವ. ಮಂಜೊಟ್ಟಿ ಅಂದರೆ ಓಟ ಮುಗಿಯುವ ತುದಿ. ಐದನೇ ಹೋಲಿನಲ್ಲಿ, ಕೆರೆ ಬಳಸಿಕೊಂಡು ಹೋಗುವ ಆ ಉದ್ದದ ಹೋಲಿನಲ್ಲಿ, ಅವರ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ.

ಆದರೆ ಕ್ಯಾಮೆರಾಕ್ಕೆ ಸಿಗದ ಎರಡು ಸಂಗತಿಗಳು ಇಲ್ಲಿ ಸಿಗುತ್ತವೆ. ಒಂದು ವೇಗ. ಟೀ ಪಕ್ಕ ಹತ್ತಡಿ ದೂರದಲ್ಲಿ ನಿಂತಾಗ ಡಿಸ್ಕ್ ಕೈ ಬಿಡುವ ಹೊತ್ತಿಗೆ ಗಾಳಿ ಸೀಳುವ ಒಂದು ಸದ್ದು ಕೇಳುತ್ತದೆ, ಜೋರಾಗಿ ಬಟ್ಟೆ ಕೊಡವಿದ ಹಾಗೆ. ಮಾವ ಮೊದಲ ಸಲ ಹಿಂದಕ್ಕೆ ಸರಿದರು. ಇನ್ನೊಂದು ಚೈನು. ಡಿಸ್ಕ್ ಚೈನಿಗೆ ಬಡಿದು ಬುಟ್ಟಿಗೆ ಬೀಳುವ ಸದ್ದಿಗೆ ಇನ್ನೂರು ಜನ ಒಟ್ಟಿಗೆ ಹೋ ಅನ್ನುತ್ತಾರೆ. ಈ ಚೈನಿನ ಬುಟ್ಟಿಯನ್ನು 1970ರ ದಶಕದಲ್ಲಿ ಮಾಡಿದವರು ಎಡ್ ಹೆಡ್ರಿಕ್; 1976ರಲ್ಲಿ ಆಟಗಾರರ ಸಂಘವನ್ನು ಹುಟ್ಟುಹಾಕಿದವರೂ ಅವರೇ. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮ ಬೆರೆಸಿ ಡಿಸ್ಕುಗಳನ್ನು ಮಾಡಿದರು. ಇದನ್ನು ಹೇಳಿದ್ದಕ್ಕೆ ಮಾವ, "ಸಮುದ್ರಕ್ಕೆ ಬಿಡುವ ಬದಲು ಬುಟ್ಟಿಗೆ ಬಿಟ್ಟರು ಅನ್ನಿ," ಅಂದರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ ಅಂದುಕೊಂಡಿದ್ದೆ. ಹದಿನೇಳನೇ ಹೋಲು ಇನ್ನೂ ಬಂದಿರಲಿಲ್ಲ.

ವಿನ್‌ಥ್ರಾಪ್‌ನ ಹದಿನೇಳನೇ ಹೋಲು ಉದ್ದವೇನಲ್ಲ, 250 ಅಡಿಯ ಆಸುಪಾಸು. ನಾನೂ ಅಷ್ಟು ದೂರ ಎಸೆಯುತ್ತೇನೆ. ಆದರೆ ಬುಟ್ಟಿಯ ಸುತ್ತ ಹುಲ್ಲಿನ ಕಂತೆ ಜೋಡಿಸಿ ಗಡಿ ಕಟ್ಟಿದ್ದಾರೆ, ಒಂದು ದ್ವೀಪದ ಹಾಗೆ. ಒಳಗೆ ಬಿದ್ದು ಒಳಗೇ ನಿಲ್ಲಬೇಕು. ಹೊರಗೆ ಹೋದರೆ ದಂಡ. ಮೂರು ದಿನ ಚೆನ್ನಾಗಿ ಆಡಿ ಇಲ್ಲಿ ಬಂದು ಮಣ್ಣು ಮುಕ್ಕಿದವರು ಇದ್ದಾರೆ. ನಾವು ಎರಡು ಮಡಚುಕುರ್ಚಿ ಹಾಕಿ ಕೂತೆವು. ಇಲ್ಲಿ ಟೀಯೂ ಕಾಣುತ್ತದೆ, ಬುಟ್ಟಿಯೂ ಕಾಣುತ್ತದೆ. ಗುಂಪಿನ ಮೇಲೆ ಗುಂಪು ಬರುತ್ತದೆ, ಎಲ್ಲರಿಗೂ ಅದೇ ಪರೀಕ್ಷೆ. ಒಬ್ಬನ ಡಿಸ್ಕ್ ಕಂತೆಯ ಮೇಲಂಚಿಗೆ ತಾಗಿ ಒಂದು ಗಳಿಗೆ ಅಲ್ಲೇ ನಿಂತಂತೆ ಮಾಡಿ ಹೊರಕ್ಕೆ ಉರುಳಿತು. ಮಾವ ಎದ್ದು ನಿಂತುಬಿಟ್ಟರು. "ಛೇ, ಎಂಥ ಮಾರಾಯ ನೀನು!" ಅಂತ ತುಸು ಜೋರಾಗಿಯೇ ಅಂದರು, ಮುಂದಿನವನು ಟೀ ಹತ್ತುತ್ತಿದ್ದ, ನಾಲ್ಕು ಜನ ತಿರುಗಿ ನೋಡಿದರು. ಒಂದೂವರೆ ಗಂಟೆ ಅಲ್ಲಿಂದ ಅಲುಗಲಿಲ್ಲ. ಯಾರು ಗೆಲ್ಲುತ್ತಿದ್ದಾರೆ ಎಂದು ಮತ್ತೆ ಕೇಳಲೂ ಇಲ್ಲ, ಬೇಕಾಗಿರಲಿಲ್ಲ. ಪ್ರತಿ ಎಸೆತಕ್ಕೂ ಒಂದು ಸೋಲು ಗೆಲುವು ಅಲ್ಲೇ ಆಗಿಹೋಗುತ್ತಿತ್ತು.

ಶುಕ್ರವಾರದ ಲೈವ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ವೃತ್ತಿಪರ ಟೂರ್, ಅಂದರೆ ವೃತ್ತಿಪರರ ಪಂದ್ಯಗಳ ಸರಣಿ, ಶುರುವಾದದ್ದು 2016ರಲ್ಲಿ, ಅದರದ್ದೇ ಆದ ಡಿಸ್ಕ್ ಗಾಲ್ಫ್ ನೆಟ್‌ವರ್ಕ್ ಬಂದದ್ದು 2020ರಲ್ಲಿ. ಚಂದಾ ಕಟ್ಟಿ ನೋಡುವ ವ್ಯವಸ್ಥೆ. ನನ್ನಂಥವನಿಗೆ ಅದು ಹಬ್ಬ. ಒಬ್ಬನ ಎಸೆತ ತೋರಿಸುತ್ತಾರೆ, ಅವನು ನಡೆಯುವಷ್ಟರಲ್ಲಿ ಬೇರೆ ಗುಂಪಿನ ಪಟ್‌ಗೆ, ಅಂದರೆ ಬುಟ್ಟಿಗೆ ಹಾಕುವ ಹತ್ತಿರದ ಎಸೆತಕ್ಕೆ, ಹಾರುತ್ತಾರೆ, ಅಲ್ಲಿಂದ ಮತ್ತೊಂದಕ್ಕೆ. ಹೆಸರು ಗೊತ್ತಿದ್ದವರಿಗೆ ಇದು ರೋಚಕ. ಗೊತ್ತಿಲ್ಲದವರಿಗೆ ಟೋಪಿ ಹಾಕಿದ ಗಡ್ಡದವರು ಒಬ್ಬರಾದ ಮೇಲೆ ಒಬ್ಬರು ಬಂದು ಏನೋ ಎಸೆದು ಹೋಗುತ್ತಾರೆ. ಬೆಳ್ಳಗಿನ ಡಿಸ್ಕ್ ಬೆಳ್ಳಗಿನ ಆಕಾಶದಲ್ಲಿ ಕರಗಿಹೋಗುತ್ತದೆ, ಕ್ಯಾಮೆರಾ ಅದನ್ನು ಹುಡುಕುತ್ತದೆ. ಕಾಮೆಂಟರಿಯವರೂ ಬಾವುಟಕ್ಕೆ ಕಾಯುತ್ತಾರೆ, ನಾವು ಕಾದ ಹಾಗೆಯೇ. ಹೆಂಡತಿ ಇಪ್ಪತ್ತು ನಿಮಿಷಕ್ಕೆ ಎದ್ದು ಹೋದಳು. ಮಾವ ನಿದ್ದೆ ಮಾಡಿದರು. ಅವರ ನಿದ್ದೆಯನ್ನು ಪೂರ್ತಿ ಆಟದ ಲೆಕ್ಕಕ್ಕೆ ಬರೆಯುವ ಹಾಗಿಲ್ಲ, ಮಧ್ಯಾಹ್ನ ಊಟಕ್ಕೆ ಪತ್ರೊಡೆ ಇತ್ತು.

ಶನಿವಾರ ಕಾಫಿ ಕುಡಿಯುತ್ತ ಅದೇ ಸುತ್ತಿನ ವಿಡಿಯೋ ಹಾಕಿದೆ. ಮಾರನೇ ದಿನದ ವಿಡಿಯೋದಲ್ಲಿ ಹೆಸರು ಮಾಡಿದ್ದು ಜೋಮೆಜ್‌ಪ್ರೊ ಎಂಬ ಚಾನೆಲ್. ಲೈವ್ ಬರುವುದಕ್ಕಿಂತ ಎಷ್ಟೋ ಮೊದಲೇ ನಮ್ಮಂಥವರನ್ನು ಈ ಆಟಕ್ಕೆ ಎಳೆದದ್ದು ಇಂಥ ವಿಡಿಯೋಗಳೇ. ಮುಂಚೂಣಿಯ ನಾಲ್ವರನ್ನು ಮಾತ್ರ ಹಿಡಿಯುತ್ತಾರೆ. ನಡಿಗೆ, ಕಾಯುವಿಕೆ ಎಲ್ಲ ಕತ್ತರಿಸುತ್ತಾರೆ. ಒಂಬತ್ತು ಹೋಲಿಗೆ ಮುಕ್ಕಾಲು ಗಂಟೆಯ ಒಂದು ಭಾಗ, ಉಳಿದ ಒಂಬತ್ತಕ್ಕೆ ಇನ್ನೊಂದು. ಕಾಮೆಂಟರಿ ಹೇಳುವವರು ಆಟಗಾರರೇ. ಆ ಚಾನೆಲ್ಲಿನ ಪರಿಚಿತ ದನಿಗಳಲ್ಲಿ ಒಂದು ನೇಟ್ ಸೆಕ್ಸ್ಟನ್ ಅವರದ್ದು, 2017ರಲ್ಲಿ ಇದೇ ವಿನ್‌ಥ್ರಾಪ್‌ನಲ್ಲಿ ಗೆದ್ದವರು.

ಒಂದೇ ಎಸೆತದಲ್ಲಿ ವ್ಯತ್ಯಾಸ ಕಂಡಿತು. ಶುಕ್ರವಾರ ಲೈವ್‌ನಲ್ಲಿ ಕೆರೆಯಂಚಿನ ಒಂದು ಎಸೆತ ಎಲ್ಲಿ ಹೋಯಿತೆಂದೇ ನಮಗೆ ಗೊತ್ತಾಗಿರಲಿಲ್ಲ. ಶನಿವಾರ ಮೊದಲು ಡ್ರೋನ್ ಟೀಯಿಂದ ಬುಟ್ಟಿಯವರೆಗೆ ಹಾರಿ ಹೋಲು ಹೇಗಿದೆ, ನೀರೆಲ್ಲಿ, ಹಗ್ಗವೆಲ್ಲಿ ಅಂತ ತೋರಿಸಿತು. ಆಮೇಲೆ ಎಸೆತ. ಡಿಸ್ಕ್ ನೀರಿನ ಮೇಲೆ ಬಲಕ್ಕೆ ಹೊರಟಿತು. "ಹೋಯ್ತು, ಕೆರೆಗೆ," ಅಂದರು ಮಾವ. ವೇಗ ಇಳಿಯುತ್ತಿದ್ದಂತೆ ಅದು ಎಡಕ್ಕೆ ವಾಲಿ ದಡಕ್ಕೆ ಮರಳಿತು, ಹಗ್ಗದಿಂದ ಒಂದು ಮಾರು ಒಳಗೆ ಬಂದು ಕೂತಿತು. ಮಾವ ಕಾಫಿ ಲೋಟ ಕೆಳಗಿಟ್ಟರು. "ಅದು ತಾನಾಗಿ ತಿರುಗಿದ್ದಾ?"

ಹೌದು, ಬಲಗೈಯವರು ಹಿಂಗೈಯಲ್ಲಿ (ಬ್ಯಾಕ್‌ಹ್ಯಾಂಡ್) ಎಸೆದರೆ ಡಿಸ್ಕ್ ಕೊನೆಗೆ ಎಡಕ್ಕೇ ವಾಲುತ್ತದೆ. ನನ್ನ ಚೀಲ ತಂದು ತೋರಿಸಿದೆ. ಪ್ರತಿ ಡಿಸ್ಕಿನ ಮೇಲೂ ಇರುವ ನಾಲ್ಕು ಅಂಕಿಗಳು ವೇಗ, ತೇಲು, ಮೊದಲ ತಿರುವು, ಕೊನೆಯ ವಾಲು. ಗುರುವಾರ ಇದನ್ನೇ ಹೇಳಿದ್ದೆ, ಕಿವಿಗೆ ಹೋಗಿರಲಿಲ್ಲ. ಈಗ ಹೋಯಿತು. ಆಮೇಲೆ ಪ್ರತಿ ಎಸೆತಕ್ಕೂ ಅವರೇ "ಈಗ ತಿರುಗ್ತದೆ, ಈಗ" ಅನ್ನತೊಡಗಿದರು. ಮರದ ಸಂದಿನಲ್ಲಿ, ನೀರಿನ ಮೇಲೆ ಗಾಳಿಯನ್ನೇ ಬಳಸಿ ಡಿಸ್ಕನ್ನು ಬಳಸುದಾರಿಯಲ್ಲಿ ಕಳಿಸುವುದೇ ಈ ಆಟದ ಜೀವ. ಆ ದಾರಿ ಕಾಣದಿದ್ದರೆ ನೋಡಲು ಏನೂ ಇಲ್ಲ.

ಹೆಂಡತಿ ಹಿಡಿದದ್ದು ಬೇರೆ ಬಾಗಿಲು. ಪಕ್ಕದಲ್ಲಿ ಬಂದ ಪಟ್ಟಿಯಿಂದ ಎಸ್ಟೋನಿಯಾದ ಕ್ರಿಸ್ಟಿನ್ ಟಟ್ಟರ್ ಅವರ ಹಳೆಯ ಒಂದು ಸುತ್ತು ಹಾಕಿಕೊಂಡಳು. 2022 ಮತ್ತು 2023ರ ವಿಶ್ವ ಚಾಂಪಿಯನ್. ಆತುರವಿಲ್ಲದ ಆಟ. ಡಿಸ್ಕ್ ತೇಲುವುದನ್ನು ಕಣ್ಣು ಹಿಂಬಾಲಿಸಬಹುದು. ಗಂಡಸರ ಅಬ್ಬರದ ಎಸೆತಕ್ಕಿಂತ ಹೊಸಬರಿಗೆ ಇದೇ ಬೇಗ ಅರ್ಥವಾಗುತ್ತದೆ ಅನ್ನುವುದು ಅವಳ ಅಭಿಪ್ರಾಯ, ಈಗ ನನ್ನದೂ ಹೌದು.

ನಾಲ್ಕನೆಯ ಒಂದು ದಾರಿಯೂ ಇದೆ, ಹತ್ತು ಸೆಕೆಂಡಿನ ತುಣುಕು. 2021ರ ಜೂನ್‌ನಲ್ಲಿ ಯೂಟಾದ ಆಗ್ಡೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಕೊನೆಯ ಹೋಲು. ಜೇಮ್ಸ್ ಕಾನ್ರಾಡ್ ಒಂದು ಎಸೆತ ಹಿಂದಿದ್ದರು, ಮೆಕ್‌ಬೆತ್ ಅವರ ಡಿಸ್ಕ್ ಆಗಲೇ ಬುಟ್ಟಿಯ ಬುಡದಲ್ಲಿತ್ತು. ಕಾನ್ರಾಡ್ ಸುಮಾರು 250 ಅಡಿಯಿಂದ ಎಸೆದದ್ದು ನೇರ ಚೈನಿಗೆ. ಸಮವಾಯಿತು, ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದರು. ಈ ಆಟದ ಗಂಧಗಾಳಿ ಇಲ್ಲದವರೂ ಅಂದು ಆಫೀಸಿನ ಗ್ರೂಪಿನಲ್ಲಿ ಇದನ್ನು ಕಳಿಸಿದ್ದರು. ಮಾವನಿಗೆ ತೋರಿಸಿದೆ. "ಆಹಾ," ಅಂದರು, ಫೋನ್ ಹಿಂದೆ ಕೊಟ್ಟರು. ಅಷ್ಟೇ.

ನನ್ನ ಲೆಕ್ಕದಲ್ಲಿ ಹೊಸಬರಿಗೆ ಮೊದಲು ಬೇಕಾದದ್ದು ಮಾರನೇ ದಿನದ ವಿಡಿಯೋ, ಅದೂ ಪುಕ್ಕಟೆಯಾಗಿ. ಎರಡನೆಯದು ಮೈದಾನ, ಆದರೆ ನಡೆಸಬೇಡಿ, ಕೂರಿಸಿ. ಹದಿನೇಳರಂಥ ಎರಡು ಹೋಲುಗಳ ಸುತ್ತ ಮೆಟ್ಟಿಲು ಆಸನ ಹಾಕಿ, ದೊಡ್ಡ ಅಂಕಪಟ್ಟಿ ನಿಲ್ಲಿಸಿ, ಹೆಸರು ಕೂಗುವ ಒಬ್ಬನಿಗೆ ಮೈಕ್ ಕೊಡಿ. ಲೈವ್ ಆಮೇಲಿನ ಮಾತು. ಟೂರ್‌ನವರಿಗೆ ಇದು ಸುಲಭವಲ್ಲ ಅನ್ನುವುದೂ ಗೊತ್ತು. ಅವರ ದುಡ್ಡಿನಲ್ಲಿ ಒಂದು ಪಾಲು ಬರುವುದು ಲೈವ್‌ನ ಚಂದಾದಿಂದ. ಪುಕ್ಕಟೆ ವಿಡಿಯೋ ಬೆಳಗ್ಗೆಯೇ ಸಿಗುವುದಾದರೆ ಚಂದಾ ಯಾರು ಕಟ್ಟುತ್ತಾರೆ? ಆದರೆ ಚಂದಾ ಕಟ್ಟುವ ನಾನೇ ಆ ಪುಕ್ಕಟೆ ವಿಡಿಯೋ ನೋಡಿ ಈ ಆಟಕ್ಕೆ ಬಂದವನು. ಮೊದಲ ಡಿಸ್ಕನ್ನು ಹಾರ್ನೆಟ್ಸ್ ನೆಸ್ಟ್ ಪಾರ್ಕಿನಲ್ಲಿ ಮರಕ್ಕೆ ಬಡಿದದ್ದು ಆಮೇಲೆ.

ಭಾನುವಾರ ಬೆಳಗ್ಗೆ ನಾನು ಏಳುವ ಮೊದಲೇ ಮಾವ ಮಡಚುಕುರ್ಚಿಗಳನ್ನು ಕಾರಿನ ಹತ್ತಿರ ಇಟ್ಟಿದ್ದರು. ನೇರ ಹದಿನೇಳಕ್ಕೆ ಹೋದೆವು. ಕೊನೆಯ ಮೂರು ಗುಂಪು ಬರುವಾಗ ಫೋನಿನಲ್ಲಿ ಲೈವ್ ಹಾಕಿ ಇಬ್ಬರ ನಡುವೆ ಹಿಡಿದುಕೊಂಡೆವು, ಹಿಂದಿನ ಹೋಲಿನಲ್ಲಿ ಏನಾಗುತ್ತಿದೆ ತಿಳಿಯಲಿ ಅಂತ. ಆ ಅರ್ಧ ಗಂಟೆಗೆ ಲೈವ್ ನಿಜಕ್ಕೂ ಬೇಕಿತ್ತು.

ಮಾವ ಈಗ ಊರಿನಲ್ಲಿದ್ದಾರೆ. ಇಲ್ಲಿ ಮಧ್ಯಾಹ್ನ ಆಟ ಶುರುವಾದರೆ ಅಲ್ಲಿ ರಾತ್ರಿ ಹತ್ತು ದಾಟಿರುತ್ತದೆ, ಲೈವ್ ನೋಡುವ ಮಾತೇ ಇಲ್ಲ. ಹೋದ ವಾರ ಒಂದು ಪಂದ್ಯ ಮುಗಿದ ರಾತ್ರಿ ಖುಷಿಯಿಂದ ಫೋನ್ ಮಾಡಿದೆ. ಹಲೋ ಅನ್ನುವ ಮೊದಲೇ ಆ ಕಡೆಯಿಂದ ದನಿ: "ಯಾರು ಗೆದ್ದದ್ದು ಹೇಳ್ಬೇಡಿ ಅಳಿಯಂದ್ರೇ, ವಿಡಿಯೋ ಬರ್ಲಿ."